ಗಾಳಿಯ ಲೆಕ್ಕ, ಸಾವಿನ ಲೆಕ್ಕ

ನಮ್ಮ ದೇಶದಲ್ಲಿ ಗಾಳಿಗೆ ಆರು ಬಣ್ಣಗಳಿವೆ. 2015ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕ ಜಾರಿಗೆ ಬಂದ ಮೇಲೆ, ನಗರದ ಗಾಳಿಯ ಸ್ಥಿತಿಯನ್ನು 0ಯಿಂದ 500ರವರೆಗಿನ ಒಂದು ಅಂಕಿಯಲ್ಲಿ ಹೇಳುವ ರೂಢಿ ಬಂತು. 50ರ ಒಳಗಿದ್ದರೆ ಕಡು ಹಸಿರು. ಗಾಳಿ ಚೆನ್ನಾಗಿದೆ ಎಂದರ್ಥ. 100ರ ಒಳಗಿದ್ದರೆ ತಿಳಿ ಹಸಿರು, ಸಮಾಧಾನಕರ. ಆಮೇಲೆ ಹಳದಿ, ಕಿತ್ತಳೆ, ಕೆಂಪು. 400 ದಾಟಿತೆಂದರೆ ಕಡುಗೆಂಪು, ಗಂಭೀರ. ಚಳಿಗಾಲ ಬಂತೆಂದರೆ ದೆಹಲಿಯ ಈ ಅಂಕಿ ಕ್ರಿಕೆಟ್ ಸ್ಕೋರಿನಂತೆ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. ನಾವು ಓದುತ್ತೇವೆ, ಪುಟ ತಿರುವುತ್ತೇವೆ.

ಆದರೆ ಈ ಅಂಕಿಗಳು ಬಂದದ್ದಾದರೂ ಎಲ್ಲಿಂದ? ಇಷ್ಟು ಹೊಗೆಯನ್ನು ಸಹಿಸಬಹುದು, ಇದಕ್ಕಿಂತ ಹೆಚ್ಚಾದರೆ ಕೂಡದು ಎಂದು ಗೆರೆ ಎಳೆದವರು ಯಾರು? ನೀರು ಇಷ್ಟು ಡಿಗ್ರಿಗೆ ಕುದಿಯುತ್ತದೆ ಎಂಬಂತೆ ನಿಸರ್ಗವೇ ಕೊಟ್ಟ ಗೆರೆ ಇದಲ್ಲ. ಮನುಷ್ಯರು ಕೂತು, ವಾದ ಮಾಡಿ, ಚೌಕಾಸಿ ಮಾಡಿ ಎಳೆದ ಗೆರೆ. ಚರಿತ್ರೆಯನ್ನು ನೋಡಿದರೆ ಇಂಥ ಗೆರೆಗಳ ಹಿಂದೆ ಸಾವಿನ ಪಟ್ಟಿಗಳು ಕಾಣುತ್ತವೆ. ಸತ್ತವರನ್ನು ಎಣಿಸಿದ ಕಡೆ ಗೆರೆ ಬಿಗಿಯಾಯಿತು. ಎಣಿಸದ ಕಡೆ ಸಡಿಲವಾಗಿಯೇ ಉಳಿಯಿತು. ಯಾರನ್ನು ಎಣಿಸಿದರು, ಯಾರನ್ನು ಬಿಟ್ಟರು ಎಂಬುದನ್ನು ಇಲ್ಲಿ ನೋಡೋಣ.

ನೆರೆಯವನ ಹೊಗೆ

ಕನ್ನಡದಲ್ಲಿ ನಾವು ದಿನನಿತ್ಯ ಬಳಸುವ 'ಹವಾ' ಎಂಬ ಪದ ಅರಬಿಯಿಂದ ಫಾರ್ಸಿ-ಉರ್ದುವಿನ ದಾರಿ ಹಿಡಿದು ಬಂದದ್ದು. ಪದದಂತೆಯೇ ಕಾಳಜಿಯೂ ಹಳೆಯದು. ಬಗ್ದಾದಿನಲ್ಲಿ ಆಸ್ಪತ್ರೆ ಕಟ್ಟಲು ಜಾಗ ಹುಡುಕಬೇಕಾದಾಗ ವೈದ್ಯ ಅಲ್-ರಾಝಿ ನಗರದ ಬೇರೆ ಬೇರೆ ಕಡೆ ಮಾಂಸದ ತುಂಡುಗಳನ್ನು ತೂಗುಹಾಕಿಸಿ, ಎಲ್ಲಿ ಮಾಂಸ ತಡವಾಗಿ ಕೊಳೆಯಿತೋ ಅಲ್ಲಿ ಕಟ್ಟಿರೆಂದನಂತೆ. ಆ ಆಸ್ಪತ್ರೆ ತಲೆಯೆತ್ತುವ ಎಷ್ಟೋ ವರ್ಷ ಮೊದಲೇ ರಾಝಿ ತೀರಿಹೋಗಿದ್ದರಿಂದ ಚರಿತ್ರೆಕಾರರು ಇದನ್ನು ಐತಿಹ್ಯವೆನ್ನುತ್ತಾರೆ. ಆದರೂ ಗಾಳಿಯನ್ನು ಪರೀಕ್ಷಿಸಿ ನೋಡಬಹುದು ಎಂಬ ಕಲ್ಪನೆ ಆ ಸಮಾಜದಲ್ಲಿತ್ತು ಎಂಬುದಕ್ಕೆ ಈ ಕಥೆಯೇ ಸಾಕ್ಷಿ. ಇಬ್ನ್ ಸೀನಾ ತನ್ನ 'ಅಲ್-ಕಾನೂನ್' ಗ್ರಂಥದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಸಂಗತಿಗಳ ಸಾಲಿನಲ್ಲಿ ಗಾಳಿಯನ್ನು ಸೇರಿಸಿದ. ಹೊಗೆ ಮತ್ತು ಕೆಟ್ಟ ಆವಿ ಬೆರೆಯದ ಗಾಳಿಯೇ ಒಳ್ಳೆಯದೆಂದ.

ವೈದ್ಯರ ಮಾತು ಇದಾದರೆ ಕಟ್ಟಡ ಕಟ್ಟುವವರ ಮಾತೂ ಇದೆ. 14ನೇ ಶತಮಾನದ ತೂನಿಸ್ ನಗರದಲ್ಲಿ ಇಬ್ನ್ ಅಲ್-ರಾಮಿ ಎಂಬ ಮೇಸ್ತ್ರಿಯಿದ್ದ. ಖಾಝಿಯ ಪರವಾಗಿ ಕಟ್ಟಡದ ತಂಟೆಗಳನ್ನು ಪರಿಶೀಲಿಸುವುದು ಅವನ ಕೆಲಸ. ಆ ಅನುಭವದಿಂದ ಅವನು ಬರೆದ ಗ್ರಂಥದಲ್ಲಿ ನೆರೆಹೊರೆಗೆ ತೊಂದರೆ ಕೊಡುವ ಸಂಗತಿಗಳ ಪೈಕಿ ಹೊಗೆಗೂ ಜಾಗವಿದೆ. ಅಡುಗೆಯ ಒಲೆಯ ಹೊಗೆ ಬೇರೆ, ಸ್ನಾನಗೃಹ ಮತ್ತು ರೊಟ್ಟಿ ಭಟ್ಟಿಗಳ ಹೊಗೆ ಬೇರೆ. ಮೊದಲನೆಯದನ್ನು ಸಹಿಸಿಕೊಳ್ಳಬೇಕು, ಎರಡನೆಯದನ್ನು ಹೊಸದಾಗಿ ತಂದು ನೆರೆಯವರ ಮೇಲೆ ಹೇರುವಂತಿಲ್ಲ. ಯಾರಿಗೂ ಹಾನಿ ಮಾಡಬಾರದು, ಹಾನಿಗೆ ಪ್ರತಿಯಾಗಿ ಹಾನಿಯನ್ನೂ ಮಾಡಬಾರದು ಎಂಬ ಪ್ರವಾದಿಯವರ ಬೋಧನೆಯೇ ಇಂಥ ತೀರ್ಪುಗಳಿಗೆ ಬುನಾದಿ.

ಈ ಕಾನೂನಿಗೆ ಒಂದು ಅನುಕೂಲವಿತ್ತು. ಹೊಗೆ ಯಾರ ಭಟ್ಟಿಯದೆಂದು ಎಲ್ಲರಿಗೂ ಗೊತ್ತು. ಕೆಮ್ಮುತ್ತಿರುವವರು ಯಾರೆಂದೂ ಗೊತ್ತು. ಇಬ್ಬರನ್ನೂ ಕರೆಸಿ ಕೇಳಬಹುದು. ಆದರೆ ಒಂದು ಊರಿನ ಲಕ್ಷ ಚಿಮಣಿಗಳಿಂದ ಒಟ್ಟಿಗೆ ಹೊಗೆ ಎದ್ದು, ಊರಿನವರೆಲ್ಲ ಒಟ್ಟಿಗೆ ಕೆಮ್ಮತೊಡಗಿದರೆ ಯಾರು ಯಾರ ಮೇಲೆ ಫಿರ್ಯಾದು ಕೊಡಬೇಕು? ನೆರೆಹೊರೆಯ ನ್ಯಾಯ ಇಲ್ಲಿಗೆ ಸಾಲದಾಯಿತು. ಇಲ್ಲಿಂದ ಮುಂದೆ ಬೇಕಾದದ್ದು ಲೆಕ್ಕ.

ಲಂಡನ್ನಿನ ಐದು ದಿನ

ಆ ಲೆಕ್ಕ ಶುರುವಾದದ್ದು ಲಂಡನ್ನಿನಲ್ಲಿ. ಅಲ್ಲಿಯ ಕಲ್ಲಿದ್ದಲ ಹೊಗೆಯ ಮೇಲಿನ ದೂರು ಬಹಳ ಹಳೆಯದು. 14ನೇ ಶತಮಾನದ ಆರಂಭದಲ್ಲೇ ದೊರೆ ಮೊದಲನೆಯ ಎಡ್ವರ್ಡ್ ಅದನ್ನು ಉರಿಸದಂತೆ ಫರ್ಮಾನು ಹೊರಡಿಸಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1661ರಲ್ಲಿ ಜಾನ್ ಎವೆಲಿನ್ ಲಂಡನ್ನಿನ ಹೊಗೆಯ ಮೇಲೆ ಒಂದು ಪುಸ್ತಿಕೆಯನ್ನೇ ಬರೆದು ದೊರೆಗೆ ಅರ್ಪಿಸಿದ. ಮರುವರ್ಷ ಜಾನ್ ಗ್ರಾಂಟ್ ಎಂಬ ವ್ಯಾಪಾರಿ ನಗರದ ಸಾವಿನ ಪಟ್ಟಿಗಳನ್ನು ಮುಂದಿಟ್ಟುಕೊಂಡು, ಯಾರು ಯಾವ ಕಾಯಿಲೆಯಿಂದ ಸತ್ತರೆಂದು ಎಣಿಸಿ ಇನ್ನೊಂದು ಪುಸ್ತಕ ಪ್ರಕಟಿಸಿದ. ಎವೆಲಿನ್‌ನದು ದೂರು, ಗ್ರಾಂಟ್‌ನದು ಲೆಕ್ಕ. ಈ ಎರಡು ದಾರಿಗಳು ಒಂದಕ್ಕೊಂದು ಕೂಡಿಕೊಳ್ಳಲು ಸುಮಾರು ಮುನ್ನೂರು ವರ್ಷ ಬೇಕಾಯಿತು.

1952ರ ಡಿಸೆಂಬರ್ 5, ಶುಕ್ರವಾರ. ಗಾಳಿ ನಿಂತುಹೋಗಿ, ಬೆಚ್ಚನೆಯ ಗಾಳಿಯ ಪದರವೊಂದು ನಗರದ ಮೇಲೆ ಮುಚ್ಚಳದಂತೆ ಕೂತಿತು. ಕೆಳಗೆ ಕೊರೆಯುವ ಚಳಿ. ಮನೆಮನೆಯ ಅಗ್ಗಿಷ್ಟಿಕೆಗಳಲ್ಲಿ ಉರಿಯುತ್ತಿದ್ದುದು ಅಗ್ಗದ ಕಲ್ಲಿದ್ದಲು. ಒಳ್ಳೆಯ ಕಲ್ಲಿದ್ದಲು ಯುದ್ಧದ ಸಾಲ ತೀರಿಸಲು ಹೊರದೇಶಗಳಿಗೆ ಹೋಗುತ್ತಿತ್ತು. ಹೊಗೆ ಮೇಲಕ್ಕೇರಲಾಗದೆ ಮಂಜಿನ ಜೊತೆ ಬೆರೆತು ಬೀದಿಗಿಳಿಯಿತು. ನಡೆಯುವವರಿಗೆ ತಮ್ಮ ಪಾದವೇ ಕಾಣಲಿಲ್ಲ. ನಾಟಕಶಾಲೆಯೊಳಗೂ ಹೊಗೆ ನುಗ್ಗಿ ಸ್ಯಾಡ್ಲರ್ಸ್ ವೆಲ್ಸ್‌ನಲ್ಲಿ ನಡೆಯುತ್ತಿದ್ದ ಗೀತನಾಟಕವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಸ್ಮಿತ್‌ಫೀಲ್ಡ್ ಜಾನುವಾರು ಪ್ರದರ್ಶನಕ್ಕೆ ತಂದಿದ್ದ ಬಹುಮಾನದ ದನಗಳು ಉಸಿರುಗಟ್ಟಿ ಸತ್ತವು. ಪತ್ರಿಕೆಗಳಲ್ಲಿ ಮೊದಲು ಸುದ್ದಿಯಾದದ್ದು ಈ ದನಗಳ ಸಾವು. ಮನುಷ್ಯರ ಸಾವು ಸುದ್ದಿಯಾಗಲಿಲ್ಲ. ಏಕೆಂದರೆ ಸತ್ತವರಲ್ಲಿ ಹೆಚ್ಚಿನವರು ಮುದುಕರು, ಹಸುಗೂಸುಗಳು, ಮೊದಲೇ ಎದೆಯ ಕಾಯಿಲೆಯಿದ್ದವರು. ಅವರು ಒಬ್ಬೊಬ್ಬರಾಗಿ, ತಮ್ಮ ತಮ್ಮ ಮನೆಯ ಹಾಸಿಗೆಯಲ್ಲಿ ಸತ್ತರು.

9ನೇ ತಾರೀಖು ಗಾಳಿ ಬೀಸಿ ಹೊಗೆ ಚದುರಿತು. ಆಮೇಲೆ ಸಾವಿನ ನೋಂದಣಿ ಪುಸ್ತಕಗಳನ್ನು ಕೂಡಿಸಿ ನೋಡಿದಾಗ ಗೊತ್ತಾಯಿತು: ಆ ಕೆಲವು ದಿನಗಳಲ್ಲಿ ಮಾಮೂಲಿಗಿಂತ ಸುಮಾರು 4,000 ಮಂದಿ ಹೆಚ್ಚು ಸತ್ತಿದ್ದರು. ಇ. ಟಿ. ವಿಲ್ಕಿನ್ಸ್ ಎಂಬ ವಿಜ್ಞಾನಿ ಒಂದೇ ಹಾಳೆಯಲ್ಲಿ ದಿನದಿನದ ಹೊಗೆಯ ಪ್ರಮಾಣವನ್ನೂ ದಿನದಿನದ ಸಾವಿನ ಸಂಖ್ಯೆಯನ್ನೂ ಗೆರೆಯಾಗಿ ಬರೆದರು. ಹೊಗೆಯ ಗೆರೆ ಏರಿದಲ್ಲಿ ಸಾವಿನ ಗೆರೆಯೂ ಏರಿತ್ತು. ಎವೆಲಿನ್‌ನ ದೂರು ಮತ್ತು ಗ್ರಾಂಟ್‌ನ ಲೆಕ್ಕ ಒಂದೇ ಹಾಳೆಯ ಮೇಲೆ ಸಂಧಿಸಿದ್ದು ಹೀಗೆ.

ಹೊಗೆ ಚದುರಿದ ಮೇಲೂ ಎರಡು ಮೂರು ತಿಂಗಳು ಸಾವಿನ ಸಂಖ್ಯೆ ಇಳಿಯಲಿಲ್ಲ. ಸರ್ಕಾರ ಅದನ್ನು ಇನ್‌ಫ್ಲುಯೆಂಜಾ ಜ್ವರದ ಖಾತೆಗೆ ಹಾಕಿತು. ಸುಮಾರು ಐವತ್ತು ವರ್ಷದ ನಂತರ, 2001ರಲ್ಲಿ, ಮಿಶೆಲ್ ಬೆಲ್ ಮತ್ತು ಡೆವ್ರಾ ಡೇವಿಸ್ ಎಂಬ ಸಂಶೋಧಕಿಯರು ಅದೇ ದಾಖಲೆಗಳನ್ನು ಮತ್ತೆ ತಿರುವಿ, ಅಷ್ಟೊಂದು ಸಾವಿಗೆ ಜ್ವರವೊಂದೇ ಕಾರಣವಾಗಲಾರದು, ಒಟ್ಟು ಸಾವು 12,000ದ ಆಸುಪಾಸು ಎಂದರು. ಎಂಟು ಸಾವಿರ ಜನ ಐದು ದಶಕ ಬೇರೊಂದು ಖಾತೆಯಲ್ಲಿ ಕೂತಿದ್ದರು.

ವಸತಿ ಸಚಿವರಾಗಿದ್ದ ಹೆರಾಲ್ಡ್ ಮ್ಯಾಕ್‌ಮಿಲನ್ ಆಗ ಸಂಪುಟಕ್ಕೆ ಕಳಿಸಿದ ಗುಪ್ತ ಟಿಪ್ಪಣಿ ಈಗ ಬಹಿರಂಗವಾಗಿದೆ. ನಮ್ಮಿಂದ ಹೆಚ್ಚೇನೂ ಆಗದು, ಆದರೆ ಬಹಳ ಕೆಲಸ ಮಾಡುತ್ತಿರುವಂತೆ ಕಾಣಿಸಿಕೊಳ್ಳಬಹುದು, ಒಂದು ಸಮಿತಿ ಮಾಡೋಣ ಎಂಬುದು ಅದರ ಸಾರಾಂಶ. ಸಮಿತಿಯೇನೋ ಆಯಿತು. ಅದರ ಅಧ್ಯಕ್ಷ ಹ್ಯೂ ಬೀವರ್ ಮಾತ್ರ ಸಚಿವರ ಲೆಕ್ಕಾಚಾರದಂತೆ ನಡೆಯಲಿಲ್ಲ. 1954ರಲ್ಲಿ ಅವರು ಕೊಟ್ಟ ವರದಿ, ಸಂಸತ್ತಿನ ಒಳಗೂ ಹೊರಗೂ ಎದ್ದ ಒತ್ತಾಯ ಎರಡೂ ಸೇರಿ 1956ರಲ್ಲಿ ಶುದ್ಧ ಗಾಳಿ ಕಾಯಿದೆ ಬಂತು.

ಆ ಕಾಯಿದೆಯ ಅಳತೆಗೋಲು ಇಂದು ನೋಡಿದರೆ ವಿಚಿತ್ರವೆನಿಸುತ್ತದೆ. ರಿಂಗಲ್‌ಮನ್ ಎಂಬ ಫ್ರೆಂಚ್ ಪ್ರಾಧ್ಯಾಪಕ 19ನೇ ಶತಮಾನದ ಕೊನೆಗೆ ರೂಪಿಸಿದ ಒಂದು ಪಟವಿತ್ತು. ಬಿಳಿಯಿಂದ ಕಪ್ಪಿನವರೆಗೆ ಅದರಲ್ಲಿ ಆರು ಛಾಯೆಗಳು. ಇನ್‌ಸ್ಪೆಕ್ಟರು ಅದನ್ನು ಎದುರಿಗಿಟ್ಟುಕೊಂಡು ಚಿಮಣಿಯ ಹೊಗೆಯ ಜೊತೆ ಹೋಲಿಸಬೇಕು. ಎರಡನೇ ಛಾಯೆಗೆ ಸಮನಾದ ಅಥವಾ ಅದಕ್ಕಿಂತ ಕಪ್ಪಾದ ಹೊಗೆ ಬಂದರೆ ಅಪರಾಧ. ಅಂದರೆ ಮಿತಿ ಕಣ್ಣಿಗೆ ಕಂಡ ಕಪ್ಪಿನದು. ಕಾಣದ ವಿಷಕ್ಕೆ ಮಿತಿಯಿಲ್ಲ. ಬೀದಿಗಳು ತಿಳಿಯಾದವು ನಿಜ. ಆದರೆ ಕಣ್ಣಿಗೆ ಬೀಳದ ಗಂಧಕದ ಆವಿಯನ್ನು ಎತ್ತರದ ಚಿಮಣಿಗಳು ಆಕಾಶಕ್ಕೆ ದಾಟಿಸಿದವು. ಯುರೋಪಿನ ಹೊಗೆ ಸ್ವೀಡನ್, ನಾರ್ವೆಗಳ ಸರೋವರಗಳಲ್ಲಿ ಆಮ್ಲಮಳೆಯಾಗಿ ಸುರಿದು ಮೀನುಗಳನ್ನು ಕೊಂದಿತು. ಮಿತಿಯನ್ನು ಪಾಲಿಸುವ ಸುಲಭದ ದಾರಿ ಹೊಗೆಯನ್ನು ಬೇರೆಯವರ ಮನೆಗೆ ಕಳಿಸುವುದು. ಈ ಪಾಠವನ್ನು ನೆನಪಿಡಬೇಕು.

ಎಚ್ಚರಿಕೆಯ ಮೆಟ್ಟಿಲುಗಳು

ಮಿತಿಯ ಕಥೆ ಲಂಡನ್ನಿನದಾದರೆ, ಎಚ್ಚರಿಕೆಯ ಕಥೆ ಅಮೆರಿಕದ ಲಾಸ್ ಏಂಜಲಿಸ್‌ನದು. ಅಲ್ಲಿ ಕಲ್ಲಿದ್ದಲಿನ ಹೊಗೆ ಅಷ್ಟಿರಲಿಲ್ಲ, ಕಣ್ಣು ಮಾತ್ರ ಉರಿಯುತ್ತಿತ್ತು. 1943ರಲ್ಲಿ ಮೊದಲ ಸಲ ಹೀಗಾದಾಗ ಜಪಾನೀಯರು ವಿಷಾನಿಲ ಬಿಟ್ಟರೆಂದು ಕೆಲವರು ಹೆದರಿದ್ದರು. ಕಾರಿನ ಹೊಗೆ ಮತ್ತು ಪೆಟ್ರೋಲಿನ ಆವಿಯ ಮೇಲೆ ಬಿಸಿಲು ಬಿದ್ದು ಓಝೋನ್ ಹುಟ್ಟುತ್ತಿದೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ರಸಾಯನ ವಿಜ್ಞಾನಿ ಆರಿ ಹಾಗನ್-ಸ್ಮಿತ್. 1955ರಲ್ಲಿ ಆ ಜಿಲ್ಲಾಡಳಿತ ಓಝೋನಿಗೆ ಮೂರು ಮೆಟ್ಟಿಲುಗಳ ಎಚ್ಚರಿಕೆ ನಿಗದಿ ಮಾಡಿತು. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 0.5 ಭಾಗ ಓಝೋನ್ ಮುಟ್ಟಿದರೆ ಮೊದಲನೆಯದು, 1.0ಕ್ಕೆ ಎರಡನೆಯದು, 1.5ಕ್ಕೆ ಮೂರನೆಯದು. ಇಂದು ಜಗತ್ತಿನಾದ್ಯಂತ ಕಾಣುವ ಬಣ್ಣಬಣ್ಣದ ಎಚ್ಚರಿಕೆ ಪದ್ಧತಿಗಳು ಈ ಮೆಟ್ಟಿಲುಗಳ ಸಂತಾನ.

2015ರಲ್ಲಿ ಅದೇ ಅಮೆರಿಕ ಓಝೋನಿಗೆ ಗೊತ್ತುಪಡಿಸಿದ ಎಂಟು ಗಂಟೆಗಳ ಮಿತಿ 0.070. ಅಳೆಯುವ ಅವಧಿ ಬೇರೆಯಾದರೂ ಅಂತರ ಎದ್ದು ಕಾಣುತ್ತದೆ. 1955ರಲ್ಲಿ ಎಚ್ಚರಿಕೆಯ ಮೊದಲ ಮೆಟ್ಟಿಲಿಗೂ ಬಾರದೆ ದಾಟಿಹೋಗುತ್ತಿದ್ದ ಗಾಳಿ ಇಂದು ಕಾನೂನಿನ ಮಿತಿಯನ್ನು ಹಲವು ಪಟ್ಟು ಮೀರಿದ ಗಾಳಿ. ಆಗಿನ ಮಗುವಿನ ಶ್ವಾಸಕೋಶ ಇಂದಿನ ಮಗುವಿನದಕ್ಕಿಂತ ಗಟ್ಟಿಯಾಗಿತ್ತೆ? ಇಲ್ಲ. ಆಗ ಲೆಕ್ಕ ಅಷ್ಟೇ ದೂರ ಬಂದಿತ್ತು.

ಅಮೃತಶಿಲೆಗೊಂದು ಗೆರೆ, ಆಳಿಗೊಂದು ಗೆರೆ

ಈಗ ನಮ್ಮ ದೇಶಕ್ಕೆ ಬರೋಣ. ಬ್ರಿಟಿಷರ ಕಾಲದಲ್ಲೇ ಕಲ್ಕತ್ತೆಗೆ 1863ರಲ್ಲೂ ಬಂಗಾಳಕ್ಕೆ 1905ರಲ್ಲೂ ಬೊಂಬಾಯಿಗೆ 1912ರಲ್ಲೂ ಹೊಗೆಯ ಉಪದ್ರವ ತಡೆಯುವ ಕಾಯಿದೆಗಳು ಬಂದಿದ್ದವು. ಇಡೀ ದೇಶಕ್ಕೊಂದು ಕಾನೂನು ಬೇಕೆಂಬ ಮಾತು ಬಲವಾದದ್ದು 1972ರ ಸ್ಟಾಕ್‌ಹೋಮ್ ಸಮ್ಮೇಳನದ ಬಳಿಕ. ತನ್ನ ಸರೋವರಗಳ ಮೇಲೆ ಆಮ್ಲಮಳೆ ಸುರಿಸಿಕೊಂಡ ಸ್ವೀಡನ್ನೇ ಆ ಸಮ್ಮೇಳನ ಕರೆದಿತ್ತು. ಪ್ರಧಾನಿ ಇಂದಿರಾ ಗಾಂಧಿ ಅಲ್ಲಿ ಮಾತನಾಡಿದ್ದರು. 1981ರಲ್ಲಿ ವಾಯುಮಾಲಿನ್ಯ ನಿಯಂತ್ರಣ ಕಾಯಿದೆ ಬಂತು. ಅದರ ಪೀಠಿಕೆಯಲ್ಲೇ ಸ್ಟಾಕ್‌ಹೋಮಿನ ಹೆಸರಿದೆ. ಮರುವರ್ಷ ಮೊದಲ ಮಾನದಂಡಗಳು, 1994ರಲ್ಲಿ ಪರಿಷ್ಕೃತ ಮಾನದಂಡಗಳು ಹೊರಬಂದವು.

1994ರ ಆ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಬೇಕು. ಅದರಲ್ಲಿ ಮೂರು ಕಂಬಸಾಲು: ಕೈಗಾರಿಕಾ ಪ್ರದೇಶ, ವಸತಿ ಪ್ರದೇಶ, ಸೂಕ್ಷ್ಮ ಪ್ರದೇಶ. ತೇಲಾಡುವ ಧೂಳಿನ ವಾರ್ಷಿಕ ಮಿತಿ ಘನ ಮೀಟರಿಗೆ ಕೈಗಾರಿಕಾ ಪ್ರದೇಶದಲ್ಲಿ 360 ಮೈಕ್ರೋಗ್ರಾಂ, ವಸತಿ ಪ್ರದೇಶದಲ್ಲಿ 140, ಸೂಕ್ಷ್ಮ ಪ್ರದೇಶದಲ್ಲಿ 70. ಗಂಧಕದ ಡೈ ಆಕ್ಸೈಡಿಗೆ ಅನುಕ್ರಮವಾಗಿ 80, 60, 15. ಸೂಕ್ಷ್ಮ ಪ್ರದೇಶವೆಂದರೆ ಅಭಯಾರಣ್ಯ, ಗಿರಿಧಾಮ, ರಾಷ್ಟ್ರೀಯ ಸ್ಮಾರಕ ಮುಂತಾದವು. ಹಾಗಾದರೆ ಕೈಗಾರಿಕಾ ಪ್ರದೇಶದಲ್ಲಿ ಯಾರಿದ್ದರು? ಕಾರ್ಖಾನೆಯ ಆಳುಗಳಿದ್ದರು, ಕಾರ್ಖಾನೆಯ ಗೋಡೆಗೆ ಒರಗಿಸಿ ಕಟ್ಟಿದ ಗುಡಿಸಲುಗಳಲ್ಲಿ ಅವರ ಹೆಂಡತಿ ಮಕ್ಕಳಿದ್ದರು. ಶ್ವಾಸಕೋಶಕ್ಕೆ ವಿಳಾಸವಿಲ್ಲ, ಕಾನೂನು ಮಾತ್ರ ವಿಳಾಸ ನೋಡಿ ಗಾಳಿ ಹಂಚಿತು.

ಆಗ್ರಾ ಇದಕ್ಕೆ ದೊಡ್ಡ ಉದಾಹರಣೆ. ಮಥುರಾದ ತೈಲ ಸಂಸ್ಕರಣಾಗಾರ, ಆಗ್ರಾದ ಎರಕದ ಕಾರ್ಖಾನೆಗಳು, ಫಿರೋಜಾಬಾದಿನ ಗಾಜಿನ ಕುಲುಮೆಗಳ ಹೊಗೆಯಿಂದ ತಾಜ್ ಮಹಲಿನ ಅಮೃತಶಿಲೆ ಹಳದಿಯಾಗುತ್ತಿದೆ ಎಂದು ವಕೀಲ ಎಂ. ಸಿ. ಮೆಹ್ತಾ ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರ್ 30ರಂದು ಬಂದ ತೀರ್ಪು, 292 ಕೈಗಾರಿಕೆಗಳು ಕಲ್ಲಿದ್ದಲು ಬಿಟ್ಟು ಅನಿಲಕ್ಕೆ ಬದಲಾಗಬೇಕು, ಇಲ್ಲವೇ ಜಾಗ ಖಾಲಿ ಮಾಡಬೇಕು ಎಂದಿತು. ಒಳ್ಳೆಯ ತೀರ್ಪು. ತಾಜ್ ಉಳಿಯಲಿ ಎಂಬುದರಲ್ಲಿ ಯಾರಿಗೆ ತಕರಾರು? ಅನಿಲ ಬಂದದ್ದರಿಂದ ಕೆಲಸಗಾರರ ಗಾಳಿಯೂ ಒಂದಿಷ್ಟು ತಿಳಿಯಾಗಿರಬೇಕು. ಆದರೆ ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಫಿರೋಜಾಬಾದಿನ ಕುಲುಮೆಗಳ ಮುಂದೆ ತಲೆಮಾರುಗಳಿಂದ ಬಳೆ ಎಳೆಯುತ್ತ ಬಂದವರಿದ್ದಾರೆ. ಅವರಲ್ಲಿ ಬಹಳಷ್ಟು ಮಂದಿ ಬಡ ಮುಸ್ಲಿಮರು. ಅವರ ಎದೆ ಕಪ್ಪಾದದ್ದಕ್ಕಿಂತ ಮೊದಲು ಕಲ್ಲು ಹಳದಿಯಾದದ್ದು ನ್ಯಾಯಾಲಯ ಮುಟ್ಟಿತು. ಕಲ್ಲಿನ ಬಣ್ಣಕ್ಕೆ ತಜ್ಞರ ವರದಿಗಳಿದ್ದವು. ಬಳೆ ಎಳೆಯುವವನ ಕೆಮ್ಮಿಗೆ ಅಂಥ ವರದಿ ಇರಲಿಲ್ಲ.

ಇದಕ್ಕೂ ಹನ್ನೆರಡು ವರ್ಷ ಹಿಂದೆ ಭೋಪಾಲದಲ್ಲಿ ಎಚ್ಚರಿಕೆ ಎಂಬ ಮಾತೇ ಅಣಕವಾಗಿತ್ತು. 1984ರ ಡಿಸೆಂಬರ್ 2ರ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮಿಥೈಲ್ ಐಸೋಸಯನೇಟ್ ಅನಿಲ ಸೋರಿತು. ಊರಿಗೆ ಕೇಳಬೇಕಾದ ಸೈರನ್ ಸ್ವಲ್ಪ ಹೊತ್ತು ಕೂಗಿ ನಿಂತುಹೋಯಿತು. ಜನ ಗಾಬರಿಯಾಗಬಾರದು ಎಂಬುದು ಕಾರ್ಖಾನೆಯ ಪದ್ಧತಿ. ಅದು ಮತ್ತೆ ಎಡೆಬಿಡದೆ ಕೂಗತೊಡಗಿದಾಗ ಜನ ಆಗಲೇ ಬೀದಿಯಲ್ಲಿ ಬಿದ್ದಿದ್ದರು. ಒದ್ದೆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಳ್ಳಿ, ಅನಿಲ ಹೋಗುವ ದಿಕ್ಕಿಗೇ ಓಡಬೇಡಿ ಎಂಬ ಎರಡು ಮಾತು ಗೊತ್ತಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು. ಸತ್ತವರ ಸಂಖ್ಯೆ ಸರ್ಕಾರದ ಮೊದಲ ಲೆಕ್ಕದಲ್ಲಿ 2,259. ಆಮೇಲೆ ಮಧ್ಯಪ್ರದೇಶ ಸರ್ಕಾರ ದೃಢಪಡಿಸಿದ್ದು 3,787. ಸಂತ್ರಸ್ತರ ಸಂಘಟನೆಗಳ ಲೆಕ್ಕ ಅದರ ಹಲವು ಪಟ್ಟು. ಇಲ್ಲಿಯೂ ಜಗಳ ಲೆಕ್ಕದ್ದೇ.

ಸಮಾಧಾನ ಯಾರಿಗೆ?

2009ರ ನವೆಂಬರ್ 18ರಂದು ಹೊಸ ಮಾನದಂಡಗಳು ಬಂದವು. ಕೈಗಾರಿಕಾ ಪ್ರದೇಶಕ್ಕೊಂದು, ವಸತಿ ಪ್ರದೇಶಕ್ಕೊಂದು ಎಂಬ ಭೇದವನ್ನು ಅವು ತೆಗೆದುಹಾಕಿದವು. ಇದು ಸಣ್ಣ ಸಂಗತಿಯಲ್ಲ. ಕಾಗದದ ಮೇಲಾದರೂ ಆಳಿನ ಉಸಿರು ಮತ್ತು ಅಧಿಕಾರಿಯ ಉಸಿರು ಒಂದೇ ಸಾಲಿಗೆ ಬಂದವು. ಜೊತೆಗೆ ಮೊದಲ ಬಾರಿಗೆ ಪಿಎಂ 2.5, ಅಂದರೆ ಕೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಭಾಗದಷ್ಟಿರುವ ಅತಿ ಸಣ್ಣ ಕಣಗಳಿಗೆ ಮಿತಿ ಬಂತು: ಘನ ಮೀಟರಿಗೆ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ, 24 ಗಂಟೆಗಳ ಸರಾಸರಿ 60.

ಈ ಸಣ್ಣ ಕಣಗಳ ಅಪಾಯ ಗೊತ್ತಾದದ್ದೂ ಎಣಿಕೆಯಿಂದಲೇ. ಅಮೆರಿಕದ ಆರು ಊರುಗಳಲ್ಲಿ 8,000ಕ್ಕೂ ಹೆಚ್ಚು ವಯಸ್ಕರನ್ನು 14ರಿಂದ 16 ವರ್ಷ ಹಿಂಬಾಲಿಸಿದ ಹಾರ್ವರ್ಡ್ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಬೀಡಿ-ಸಿಗರೇಟಿನಂಥ ಬೇರೆ ಕಾರಣಗಳನ್ನೆಲ್ಲ ಕಳೆದ ಮೇಲೂ, ಅತಿ ಮಲಿನ ಊರಿನಲ್ಲಿ ಸಾವಿನ ಪ್ರಮಾಣ ಅತಿ ಶುಭ್ರ ಊರಿಗಿಂತ ಶೇ. 26ರಷ್ಟು ಹೆಚ್ಚಿತ್ತು. ಅಲ್ಲಿ ಲಂಡನ್ನಿನಂಥ ಕಗ್ಗತ್ತಲೆ ಕವಿದಿರಲಿಲ್ಲ. ದನಗಳು ಬಿದ್ದು ಸತ್ತಿರಲಿಲ್ಲ. ಕಣ್ಣಿಗೆ ಏನೂ ಅನ್ನಿಸದ ಗಾಳಿಯೇ ಆಯುಷ್ಯ ಕಡಿಯುತ್ತಿತ್ತು. ಆಮೇಲಿನ ಅಧ್ಯಯನಗಳು ಇನ್ನೂ ಕಹಿಯಾದ ಮಾತು ಹೇಳಿದವು: ಇದರ ಕೆಳಗೆ ಅಪಾಯವೇ ಇಲ್ಲ ಎನ್ನಬಹುದಾದ ಗೆರೆ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ವಾರ್ಷಿಕ 10 ಎಂದದ್ದನ್ನು 2021ರಲ್ಲಿ 5ಕ್ಕೆ ಇಳಿಸಿತು. 24 ಗಂಟೆಗಳ ಸರಾಸರಿಯನ್ನು 15ಕ್ಕೆ.

ನಮ್ಮ ಬಣ್ಣಗಳಿಗೆ ಈ ಅಂಕಿಗಳನ್ನು ಹಿಡಿದು ನೋಡೋಣ. ನಮ್ಮ ಸೂಚ್ಯಂಕದ 100, ಅಂದರೆ ತಿಳಿ ಹಸಿರಿನ ತುದಿ, ಪಿಎಂ 2.5ರ 60 ಮೈಕ್ರೋಗ್ರಾಮಿಗೆ ಸಮ. ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಯ ನಾಲ್ಕು ಪಟ್ಟು ಇರುವ ಗಾಳಿಗೂ ನಾವು 'ಸಮಾಧಾನಕರ' ಎಂಬ ಚೀಟಿ ಅಂಟಿಸಿದ್ದೇವೆ. ಆ ಸಂಸ್ಥೆಯ ಅಂಕಿ ಸಲಹೆಯಷ್ಟೇ, ಪ್ರತಿ ದೇಶವೂ ತನ್ನ ಪರಿಸ್ಥಿತಿಗೆ ತಕ್ಕಂತೆ ಮಿತಿ ಹಾಕಿಕೊಳ್ಳಬಹುದು ಎಂಬ ವಾದವಿದೆ. ಸರಿ. ನಮ್ಮ ಉತ್ತರದ ಬಯಲಿನಲ್ಲಿ ನೆಲದ ಧೂಳೇ ಹೆಚ್ಚು, ಒಮ್ಮೆಲೇ 5ಕ್ಕೆ ಇಳಿಯಲಾಗದು ಎಂಬುದೂ ನಿಜ. ಆದರೆ ತಲುಪಲಾಗದ ಗುರಿ ಬೇರೆ, ತಲುಪಲಾಗದ್ದನ್ನು 'ಸಮಾಧಾನಕರ'ವೆಂದು ಕರೆಯುವುದು ಬೇರೆ. ಮೊದಲನೆಯದು ಬಡತನ. ಎರಡನೆಯದು ಮರೆಮಾಚುವುದು.

ಮನೆಯೊಳಗೇ ಇರಿ ಎಂದರೆ

ದೆಹಲಿಯ 2016ರ ನವೆಂಬರ್ ಹೊಗೆಯ ನಂತರ ಸುಪ್ರೀಂ ಕೋರ್ಟಿನ ಆದೇಶದಂತೆ 2017ರ ಜನವರಿಯಲ್ಲಿ ಹಂತಹಂತದ ಕ್ರಿಯಾಯೋಜನೆಯೊಂದು ಜಾರಿಗೆ ಬಂತು. ಗಾಳಿ ಕೆಟ್ಟಂತೆಲ್ಲ ಮೆಟ್ಟಿಲು ಏರುತ್ತದೆ. ಇಂಥ ಮಟ್ಟಕ್ಕೆ ಡೀಸೆಲ್ ಜನರೇಟರ್ ನಿಲ್ಲಬೇಕು, ಇಂಥ ಮಟ್ಟಕ್ಕೆ ಕಟ್ಟಡ ಕೆಲಸ ನಿಲ್ಲಬೇಕು, ಇಂಥ ಮಟ್ಟಕ್ಕೆ ಲಾರಿಗಳು ಊರೊಳಗೆ ಬರಕೂಡದು. ಲಾಸ್ ಏಂಜಲಿಸ್‌ನ ಮೆಟ್ಟಿಲುಗಳೇ ಇವು. ನಮ್ಮ ನೆಲಕ್ಕೆ ಹೊಂದಿಸಿಕೊಂಡದ್ದು. ಕೆಂಪು ಬಣ್ಣ ಬಂದಾಗ ಸರ್ಕಾರದ ಸಲಹೆ ಒಂದೇ: ಹೊರಗೆ ಓಡಾಡುವುದನ್ನು ಕಡಿಮೆ ಮಾಡಿ, ಮನೆಯೊಳಗೇ ಇರಿ.

ಮನೆಯೊಳಗಿರುವುದು ಯಾರಿಗೆ ಸಾಧ್ಯ? ಬಾಗಿಲು ಮುಚ್ಚಿ, ಗಾಳಿ ಶುದ್ಧೀಕರಿಸುವ ಯಂತ್ರ ಹಾಕಿಕೊಂಡು, ಸಂಬಳದ ದಿನ ಸಂಬಳ ಪಡೆಯುವವರಿಗೆ. ಅಂದಂದಿನ ಕೂಲಿಯವನಿಗೆ ಎಚ್ಚರಿಕೆಯ ಹಂತ ಏರಿತೆಂದರೆ ಎರಡು ಪೆಟ್ಟು: ಹೊಗೆಯೂ ಅವನಿಗೇ, ಕೂಲಿಯಿಲ್ಲದ ದಿನವೂ ಅವನಿಗೇ. ಇದನ್ನು ಗಮನಿಸಿ ಸುಪ್ರೀಂ ಕೋರ್ಟು 2021ರಲ್ಲಿ, ಕೆಲಸ ನಿಂತ ದಿನಗಳಿಗೆ ಕಟ್ಟಡ ಕಾರ್ಮಿಕರ ಸೆಸ್ ನಿಧಿಯಿಂದ ಜೀವನಭತ್ಯೆ ಕೊಡಿರೆಂದು ರಾಜ್ಯಗಳಿಗೆ ಹೇಳಿತು. ಬಹಳ ಮುಖ್ಯವಾದ ಮಾತು. ಎಚ್ಚರಿಕೆಯ ಜೊತೆ ಅನ್ನವನ್ನೂ ಜೋಡಿಸಬೇಕೆಂದು ನಮ್ಮ ನ್ಯಾಯಾಲಯ ಗುರುತಿಸಿತ್ತು. ಆದರೆ 2024ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯ ದೆಹಲಿ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಒಬ್ಬೊಬ್ಬ ಕಾರ್ಮಿಕನಿಗೆ 8,000 ರೂಪಾಯಿ ಕೊಡಬೇಕಾದಲ್ಲಿ ಆ ತನಕ ಕೊಟ್ಟದ್ದು 2,000. ಹೆಸರು ನೋಂದಾಯಿಸದ ಕಾರ್ಮಿಕರಿಗೆ ಅದೂ ಇಲ್ಲ. ಮತ್ತೆ ಅದೇ: ಎಣಿಕೆಗೆ ಸಿಕ್ಕವನಿಗೆ ಅರೆಬರೆ, ಸಿಗದವನಿಗೆ ಏನೂ ಇಲ್ಲ.

ಇದು ದೆಹಲಿಯ ಮಾತಷ್ಟೇ ಎಂದುಕೊಳ್ಳಬೇಕಾಗಿಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ, ಮಾನದಂಡ ಮುಟ್ಟದ ನಗರಗಳ ಪಟ್ಟಿಗೆ ಕರ್ನಾಟಕದಿಂದ ಸೇರಿದವು ನಾಲ್ಕು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಈ ಊರುಗಳಲ್ಲಿ ದಿನವಿಡೀ ರಸ್ತೆಯ ಮಗ್ಗುಲಲ್ಲೇ ಉಸಿರಾಡುವವರು ಯಾರೆಂದು ಕೇಳಿಕೊಳ್ಳಿ. ಪಂಕ್ಚರ್ ಅಂಗಡಿಯ ಹುಡುಗ, ಗ್ಯಾರೇಜಿನ ಮೇಸ್ತ್ರಿ, ಆಟೋ ಚಾಲಕ, ಕೈಗಾಡಿಯಲ್ಲಿ ಹಣ್ಣು ಮಾರುವವ, ಬೆಳಗಿನ ಜಾವ ಧೂಳು ಗುಡಿಸುವ ಪೌರಕಾರ್ಮಿಕ ಹೆಂಗಸು. ಗಾಳಿ ಅಳೆಯುವ ಕೇಂದ್ರದ ಯಂತ್ರ ಊರಿನ ಸರಾಸರಿ ಹೇಳುತ್ತದೆ. ಇವರಲ್ಲಿ ಯಾರೂ ಸರಾಸರಿ ಗಾಳಿಯನ್ನು ಉಸಿರಾಡುವುದಿಲ್ಲ.

ಹೊಸ್ತಿಲಿನ ಒಳಗೆ

ಗಾಳಿಯ ಮಿತಿಗಳೆಲ್ಲ ಹೊರಗಿನ ಗಾಳಿಗೆ ಸಂಬಂಧಿಸಿದವು. ಮನೆಯ ಹೊಸ್ತಿಲಿಗೆ ಬಂದು ನಿಂತುಬಿಡುತ್ತವೆ. 1980ರ ದಶಕದ ಆರಂಭದಲ್ಲಿ ಕರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ ಭಾರತೀಯ ಸಹೋದ್ಯೋಗಿಗಳ ಜೊತೆ ಗುಜರಾತಿನ ಹಳ್ಳಿಗಳಲ್ಲಿ, ಸೌದೆ-ಬೆರಣಿಯ ಒಲೆಯ ಮುಂದೆ ಕೂತ ಹೆಂಗಸರು ಉಸಿರಾಡುವ ಗಾಳಿಯನ್ನು ಅಳೆದರು. ಅಡುಗೆಯ ಹೊತ್ತಿನ ಸರಾಸರಿ ಘನ ಮೀಟರಿಗೆ ಸುಮಾರು 7,000 ಮೈಕ್ರೋಗ್ರಾಂ ಕಣ. 1952ರ ಲಂಡನ್ನಿನ ಅತಿ ಕೆಟ್ಟ ದಿನ, ಅತಿ ಕೆಟ್ಟ ಜಾಗದಲ್ಲಿ ದಾಖಲಾದ ಹೊಗೆ 4,000ದಿಂದ 5,000ದ ನಡುವೆ. ಲಂಡನ್ನಿನ ಹೊಗೆ ಐದು ದಿನ ಇತ್ತು. ಪುಸ್ತಕಗಳಲ್ಲಿ ದಾಖಲಾಯಿತು, ಕಾಯಿದೆ ತಂದಿತು. ನಮ್ಮ ತಾಯಂದಿರ ಹೊಗೆ ದಿನಕ್ಕೆರಡು ಹೊತ್ತು, ಬದುಕಿಡೀ ಇತ್ತು. ಅದಕ್ಕೆ ಬಣ್ಣವಿಲ್ಲ, ಎಚ್ಚರಿಕೆಯಿಲ್ಲ. ಒಲೆಯ ಹೊಗೆಯನ್ನು ಸಹಿಸಿಕೊಳ್ಳಬೇಕೆಂದು ತೂನಿಸಿನ ಮೇಸ್ತ್ರಿ ಬರೆದಾಗ ಅವನ ಮನಸ್ಸಿನಲ್ಲಿದ್ದುದು ಪಕ್ಕದ ಮನೆಯವನು. ಒಲೆಯ ಮುಂದೆ ಕೂತವಳಲ್ಲ. 2016ರ ಉಜ್ವಲಾ ಯೋಜನೆಯಿಂದ ಸಿಲಿಂಡರ್ ಬಹಳ ಮನೆಗಳನ್ನು ತಲುಪಿತು ನಿಜ. ಅದು ಖಾಲಿಯಾದಾಗ ಮತ್ತೆ ತುಂಬಿಸಲು ಕಾಸಿಲ್ಲದ ಮನೆಗಳಲ್ಲಿ ಹಳೆಯ ಒಲೆ ಮತ್ತೆ ಹೊತ್ತಿಕೊಳ್ಳುತ್ತದೆ.

ಲೆಕ್ಕ ಎಲ್ಲಿಗೆ ಬಂತು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಸೇರಿ ನಡೆಸಿದ ಅಧ್ಯಯನವೊಂದು 2020ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಮನೆಯ ಒಳಗಿನ ಮತ್ತು ಹೊರಗಿನ ಮಲಿನ ಗಾಳಿ ಸೇರಿ 2019ರಲ್ಲಿ ಭಾರತದ ಸುಮಾರು 16.7 ಲಕ್ಷ ಸಾವುಗಳಿಗೆ ಕಾರಣ ಎಂದು ಅದು ಅಂದಾಜು ಮಾಡಿತು. ಆದರೆ ಕೇಂದ್ರ ಸರ್ಕಾರ 2019ರಿಂದೀಚೆಗೆ ಸಂಸತ್ತಿನಲ್ಲಿ ಒಂದಕ್ಕಿಂತ ಹೆಚ್ಚು ಬಾರಿ, ಸಾವಿಗೂ ವಾಯುಮಾಲಿನ್ಯಕ್ಕೂ ನೇರ ಸಂಬಂಧವನ್ನು ಸಾಬೀತು ಮಾಡುವ ನಿರ್ಣಾಯಕ ದತ್ತಾಂಶವಿಲ್ಲ ಎಂಬರ್ಥದ ಉತ್ತರ ಕೊಟ್ಟಿದೆ. ಲಂಡನ್ನಿನ ಇನ್‌ಫ್ಲುಯೆಂಜಾ ಖಾತೆ ನೆನಪಾಗದೆ ಇರದು.

ಉತ್ತರದಲ್ಲಿ ಒಂದು ಸತ್ಯವೂ ಇದೆ. ಯಾರ ಮರಣಪತ್ರದಲ್ಲೂ ಗಾಳಿ ಎಂದು ಬರೆದಿರುವುದಿಲ್ಲ. ಹೃದಯಾಘಾತ, ದಮ್ಮು, ಪಾರ್ಶ್ವವಾಯು ಎಂದಿರುತ್ತದೆ. ಅದೂ ವೈದ್ಯರು ಬರೆದರೆ. ನಮ್ಮ ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ಶೇ. 22.5ರಷ್ಟಕ್ಕೆ ಮಾತ್ರ. ಉಳಿದವರು ಏಕೆ ಸತ್ತರೆಂಬುದು ಮನೆಯವರ ನೆನಪಿನಲ್ಲಷ್ಟೇ ಇದೆ. ದತ್ತಾಂಶ ಇಲ್ಲ ಎನ್ನುವುದಕ್ಕೂ ದತ್ತಾಂಶ ಕೂಡಿಸಿಲ್ಲ ಎನ್ನುವುದಕ್ಕೂ ವ್ಯತ್ಯಾಸವಿದೆ.

2013ರಲ್ಲಿ ಲಂಡನ್ನಿನ ದೊಡ್ಡ ರಸ್ತೆಯೊಂದರ ಬಳಿ ವಾಸವಾಗಿದ್ದ ಎಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಒಂಬತ್ತು ವರ್ಷದ ಕರಿಯ ಬಾಲಕಿ ದಮ್ಮಿನಿಂದ ತೀರಿಕೊಂಡಳು. ಅವಳ ತಾಯಿ ಏಳು ವರ್ಷ ಬಿಡದೆ ಹೋರಾಡಿದಳು. 2020ರ ಡಿಸೆಂಬರ್‌ನಲ್ಲಿ ಮರಣ ವಿಚಾರಣಾಧಿಕಾರಿ, ವಾಯುಮಾಲಿನ್ಯವೂ ಈ ಸಾವಿಗೆ ಒಂದು ಕಾರಣ ಎಂದು ತೀರ್ಪಿತ್ತರು. ಆ ದೇಶದಲ್ಲಿ ಒಬ್ಬ ವ್ಯಕ್ತಿಯ ಸಾವಿನ ದಾಖಲೆಯಲ್ಲಿ ಗಾಳಿಯ ಹೆಸರು ಬಂದದ್ದು ಅದೇ ಮೊದಲು. 1952ರಲ್ಲಿ ಸಾವಿರಾರು ಮಂದಿ ಸತ್ತ ಊರಿನಲ್ಲಿ, ಒಂದು ಮಗುವಿನ ಹೆಸರಿನ ಮುಂದೆ ಆ ಕಾರಣ ಬರೆಯಲು 68 ವರ್ಷ ಹಿಡಿಯಿತು.

ಆ ತಾಯಿ ಕೇಳಿದ್ದು ಹೊಸ ಯಂತ್ರವನ್ನಲ್ಲ, ಹೊಸ ಬಣ್ಣವನ್ನಲ್ಲ. ನನ್ನ ಮಗು ಏಕೆ ಸತ್ತಿತೆಂದು ಬರೆಯಿರಿ ಎಂದಷ್ಟೇ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ, ತಾಲೂಕು ಕಚೇರಿಗಳಲ್ಲಿ, ದಫನ್ ಮಾಡುವ ಮೊದಲು ಜಮಾಅತ್ ಕಮಿಟಿಗಳು ಬರೆದಿಡುವ ಪುಸ್ತಕಗಳಲ್ಲಿ ಕೂಡ ಸಾವಿನ ಕಾರಣಕ್ಕೊಂದು ಅಂಕಣ ಇರಲಿ. ಸತ್ತವನ ಕಸುಬು ಏನಿತ್ತು, ಎಲ್ಲಿ ವಾಸವಿದ್ದ, ಎಷ್ಟು ವರ್ಷದಿಂದ ಕೆಮ್ಮುತ್ತಿದ್ದ ಎಂಬುದಕ್ಕೂ ಒಂದು ಸಾಲು ಇರಲಿ. ಗೆರೆ ಎಳೆಯುವವರು ಮುಂದೊಂದು ದಿನ ಲೆಕ್ಕ ಕೇಳಿದಾಗ ನಮ್ಮ ಬಳಿ ಕೊಡಲು ಏನಾದರೂ ಇರಬೇಕು.